ಸಾರುವೆಯ ತೂತು, ತೋಪಿನ ಕುಳಿ

ಗದಗ-ಬೆಟಗೇರಿಯ ಹಳೆಯ ಕಲ್ಲುಗೋಡೆಗಳನ್ನು ಇಳಿಬಿಸಿಲಿನಲ್ಲಿ ನೋಡಿದರೆ ಅಲ್ಲಲ್ಲಿ ಅಂಗೈಯಗಲದ ಚೌಕ ತೂತುಗಳು ಕಾಣುತ್ತವೆ. ಯಾವ ಗೌಂಡಿಯನ್ನು ಕೇಳಿದರೂ ಹೇಳುತ್ತಾನೆ: ಸಾರುವೆ ಕಟ್ಟಿಗೆ ಸಿಕ್ಕಿಸಲು ಬಿಟ್ಟದ್ದು. ಗೋಡೆ ಏರಿದಂತೆ ಸಾರುವೆಯೂ ಏರುತ್ತದೆ. ಕೆಲಸ ಮುಗಿದ ಮೇಲೆ ಕಟ್ಟಿಗೆ ಎಳೆದುಕೊಂಡು ಹೋಗುತ್ತಾರೆ, ತೂತು ಮುಚ್ಚುವುದು ಒಬ್ಬರಿಗೂ ನೆನಪಾಗುವುದಿಲ್ಲ, ಗುಬ್ಬಿ ಬಂದು ಸಂಸಾರ ಹೂಡುತ್ತದೆ. ಇಂಥ ತೂತುಗಳ ಸಾಲನ್ನೇ ಹಿಡಿದುಕೊಂಡು ಒಬ್ಬ ಮನುಷ್ಯ ಯುರೋಪಿನ ಅತ್ಯಂತ ಹೆಸರುವಾಸಿ ಕೋಟೆಗಳ ಮೇಸ್ತ್ರಿ ಯಾರೆಂದು ಪತ್ತೆ ಹಚ್ಚಿದ. ಆ ಕತೆ ತಿಳಿದರೆ ನಮ್ಮ ಡಂಬಳ, ರಾಯಚೂರು, ಕೊಪ್ಪಳದ ಗೋಡೆಗಳನ್ನು ಹೇಗೆ ಓದಬೇಕೆಂಬುದೂ ತಿಳಿಯುತ್ತದೆ.

ಆ ಮನುಷ್ಯ ಎ. ಜೆ. ಟೇಲರ್, ಬ್ರಿಟನ್ನಿನ ಪ್ರಾಚೀನ ಸ್ಮಾರಕಗಳ ಇನ್‌ಸ್ಪೆಕ್ಟರ್. ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ 13ನೆಯ ಶತಮಾನದ ಕೊನೆಗೆ ವೇಲ್ಸ್ ಸೀಮೆಯನ್ನು ಗೆದ್ದು, ಗೆದ್ದದ್ದು ಕೈಬಿಡದಂತೆ ಕಡಲಂಚಿನಲ್ಲಿ ಕೋಟೆಗಳ ಸರಪಳಿ ಕಟ್ಟಿಸಿದ. ಕಾನ್ವಿ, ಹಾರ್ಲೆಕ್, ಬೊಮಾರಿಸ್ ಎಲ್ಲವೂ ಅವನವೇ. ಲೆಕ್ಕಪತ್ರಗಳಲ್ಲಿ ಈ ಕಾಮಗಾರಿಗಳ ಮುಖ್ಯಸ್ಥನ ಹೆಸರು ಇತ್ತು: ‘ಸೇಂಟ್ ಜಾರ್ಜ್ ಊರಿನ ಮಾಸ್ಟರ್ ಜೇಮ್ಸ್’. ದಿನಕ್ಕೆ 3 ಶಿಲ್ಲಿಂಗ್ ಪಗಾರ, ಅವನು ಸತ್ತರೆ ಹೆಂಡತಿಗೆ ಪಿಂಚಣಿ. ಆ ಕಾಲದ ಮೇಸ್ತ್ರಿಗೆ ಇದು ಕಣ್ಣು ಕುಕ್ಕುವ ಸಂಬಳ. ಆದರೆ ಸೇಂಟ್ ಜಾರ್ಜ್ ಎಂಬ ಊರು ಎಲ್ಲಿಯದು? ಆ ಸಂತನ ಹೆಸರಿನ ಊರುಗಳು ಯುರೋಪಿನ ತುಂಬ ಇವೆ. ಆತ ಎಲ್ಲಿಂದ ಬಂದ, ಎಲ್ಲಿ ಕಲಿತ ಎಂಬುದು ಗೊತ್ತಿರಲಿಲ್ಲ.

ಟೇಲರನ ಕಣ್ಣು ಬಿದ್ದದ್ದು ಸಾರುವೆ ತೂತುಗಳ ಮೇಲೆ. ಸಾಮಾನ್ಯವಾಗಿ ಅವು ಗೋಡೆಯಲ್ಲಿ ಅಡ್ಡಡ್ಡ ಸಾಲಾಗಿ ಇರುತ್ತವೆ, ಒಂದು ಸಾಲಿನ ಮೇಲೆ ಇನ್ನೊಂದು. ಕಾನ್ವಿ ಮತ್ತು ಹಾರ್ಲೆಕ್‌ನ ದುಂಡು ಬುರುಜುಗಳಲ್ಲಿ ಹಾಗಿರಲಿಲ್ಲ. ತೂತುಗಳ ಸಾಲು ಓರೆಯಾಗಿ, ಬುರುಜನ್ನು ಸುತ್ತಿಕೊಂಡು ಮೇಲೇರುತ್ತಿತ್ತು. ಅಂದರೆ ಅಲ್ಲಿನ ಗೌಂಡಿಗಳು ಅಟ್ಟಣಿಗೆಯ ಮೇಲೆ ಅಟ್ಟಣಿಗೆ ಕಟ್ಟಿರಲಿಲ್ಲ. ಬುರುಜಿನ ಸುತ್ತ ಇಳಿಜಾರಿನ ದಾರಿಯನ್ನೇ ಕಟ್ಟಿಕೊಂಡು ಅದರ ಮೇಲೆ ಕಲ್ಲು ಏರಿಸಿದ್ದರು. ಬ್ರಿಟನ್ನಿನ ಗೌಂಡಿಗಳ ರೂಢಿ ಅದಾಗಿರಲಿಲ್ಲ. ಆಲ್ಪ್ಸ್ ಬೆಟ್ಟಗಳ ಸವಾಯ್ ಸೀಮೆಯಲ್ಲಿ, ಈಗಿನ ಸ್ವಿಟ್ಜರ್ಲೆಂಡಿನ ಸೈಯೋನ್ ಎಂಬಲ್ಲಿಯ ಬುರುಜಿನಲ್ಲಿ, ಅದೇ ಓರೆ ಸಾಲು ಸಿಕ್ಕಿತು. ಹಾರ್ಲೆಕ್‌ನ ಕಿಟಕಿಯ ಅಳತೆ ಸವಾಯ್‌ನ ಶಿಯೋನ್ ಕೋಟೆಯ ಕಿಟಕಿಗೆ ಹೊಂದಿತು. ಟೂರಿನ್ ನಗರದ ದಫ್ತರಿನಲ್ಲಿ ಸವಾಯ್ ದೊರೆಗಳ ಖರ್ಚಿನ ಸುರುಳಿಗಳನ್ನು ಬಿಚ್ಚಿದಾಗ ಅಲ್ಲಿಯೂ ಒಬ್ಬ ‘ಮಾಸ್ಟರ್ ಜೇಮ್ಸ್’ ಇದ್ದ. ಊರು ಫ್ರಾನ್ಸಿನ ಸೇಂಟ್-ಜಾರ್ಜ್-ದೆಸ್ಪೆರಾನ್ಶ್. ಎಡ್ವರ್ಡ್ ದೊರೆ 1273ರಲ್ಲಿ ಧರ್ಮಯುದ್ಧದಿಂದ ಮರಳುವಾಗ ಅದೇ ಊರಿನಲ್ಲಿ ತಂಗಿದ್ದ. 1950ರಲ್ಲಿ ಟೇಲರ್ ಇದನ್ನು ಪ್ರಕಟಿಸಿದ. ಜೇಮ್ಸ್ ನಿಜವಾಗಿ ನಕ್ಷೆ ಬರೆದವನೋ, ಬರೀ ಆಳು-ಕಾಳು ನಡೆಸಿದ ಮೇಲ್ವಿಚಾರಕನೋ ಎಂದು ಆಮೇಲೆ ಬಂದ ವಿದ್ವಾಂಸರು ತಕರಾರು ತೆಗೆದಿದ್ದಾರೆ. ಇರಲಿ. ದಾಖಲೆ ಅರ್ಧ ಹೇಳಿದ್ದನ್ನು ತೂತು ಪೂರ್ತಿ ಮಾಡಿತಲ್ಲ, ನನಗೆ ಮುಖ್ಯ ಅನಿಸುವುದು ಅದು.

ಯುರೋಪಿನವರ ‘ಕ್ಯಾಸಲ್’ ನಮ್ಮ ರಾಯಚೂರು, ವಿಜಯಪುರದ ಕೋಟೆಯಂಥದಲ್ಲ. ನಮ್ಮ ದೊಡ್ಡ ಕೋಟೆ ಊರನ್ನೇ ಒಳಗಿಟ್ಟುಕೊಂಡದ್ದು. ಅವರದು ಒಬ್ಬ ಪಾಳೆಯಗಾರನ ಮನೆ, ಕಚೇರಿ, ಸೆರೆಮನೆ, ಕಣಜ ಎಲ್ಲ ಸೇರಿದ ಗಟ್ಟಿ ಕಟ್ಟಡ. ಈ ಕಡೆಯ ದೇಸಾಯರ ವಾಡೆಯನ್ನು ನೋಡಿದವರಿಗೆ ಅದು ಬೇಗ ಅರ್ಥವಾಗುತ್ತದೆ: ಅಗಸಿ, ಒಳ ಅಂಗಳ, ಮೂಲೆಗೆ ಹುಡೇವು, ಅಂದರೆ ಕಾವಲು ಬುರುಜು. ಮೊದಲು ಅವರೂ ಚೌಕ ಬುರುಜುಗಳನ್ನೇ ಕಟ್ಟುತ್ತಿದ್ದರು. ಚೌಕದ ಮೂಲೆ ಸುರಂಗಕ್ಕೆ ಸುಲಭದ ತುತ್ತು. 1215ರಲ್ಲಿ ಜಾನ್ ದೊರೆ ರೋಚೆಸ್ಟರ್ ಕೋಟೆಯ ಮೂಲೆ ಬುರುಜಿನ ಕೆಳಗೆ ಸುರಂಗ ತೋಡಿಸಿ, ಒಳಗೆ ಮರದ ಊರೆ ನಿಲ್ಲಿಸಿ, 40 ಹಂದಿಗಳ ಕೊಬ್ಬು ತರಿಸಿ ಬೆಂಕಿ ಹಾಕಿಸಿದ. ಊರೆ ಸುಟ್ಟು ಬುರುಜು ಕುಸಿಯಿತು. ಅದನ್ನು ಮತ್ತೆ ಕಟ್ಟುವಾಗ ದುಂಡಗೆ ಕಟ್ಟಿದರು. ಇವತ್ತಿಗೂ ಆ ಕೋಟೆಯ ಮೂರು ಮೂಲೆ ಚೌಕ, ಒಂದು ದುಂಡು.

ಆಮೇಲೆ ತೋಪು ಬಂತು, ಎತ್ತರದ ಗೋಡೆಯೇ ಗುರಿಯಾಯಿತು. 1494ರಲ್ಲಿ ಫ್ರಾನ್ಸಿನ ಎಂಟನೆಯ ಚಾರ್ಲ್ಸ್ ತೋಪುಗಳೊಡನೆ ಇಟಲಿಗೆ ಇಳಿದ ಮೇಲೆ ಅಲ್ಲಿನ ಎಂಜಿನಿಯರುಗಳು ಕೋಟೆಯ ರೂಪವನ್ನೇ ಬದಲಿಸಿದರು. ಗೋಡೆ ಕುಳ್ಳಗಾಯಿತು, ದಪ್ಪಗಾಯಿತು, ಮಣ್ಣು ತುಂಬಿಕೊಂಡಿತು. ದುಂಡು ಬುರುಜಿನ ಮುಂದೆ ಪಕ್ಕದ ಬುರುಜಿನ ಗುಂಡು ತಲಪದ ಒಂದು ತುಂಡು ನೆಲ ಉಳಿದುಬಿಡುತ್ತದೆ. ಶತ್ರು ಅಲ್ಲಿ ಅಡಗಬಹುದು. ಆ ನೆಲವನ್ನು ಇಲ್ಲವಾಗಿಸಲು ಬುರುಜನ್ನು ಮೊನಚು ಮಾಡಿದರು. ಹೀಗೆ ಹುಟ್ಟಿದ್ದು ನಕ್ಷತ್ರಾಕಾರದ ಕೋಟೆ.

ಇದೇ ತೋಪು ದಖ್ಖನ್ನಿಗೂ ಬಂತು. ಹಾಗಾದರೆ ನಮ್ಮ ಕೋಟೆಗಳೇಕೆ ನಕ್ಷತ್ರವಾಗಲಿಲ್ಲ? ಬಹುಕಾಲ ಇದಕ್ಕೆ ಸೋಮಾರಿ ಉತ್ತರವೊಂದಿತ್ತು: ಇಲ್ಲಿಯವರು ಕಲಿಯಲಿಲ್ಲ, ಹಳೆಯದನ್ನೇ ಕಟ್ಟುತ್ತ ಹೋದರು. ಅದು ತಪ್ಪೆಂದು ತೋರಿಸಿದ ಹುಡುಕಾಟದ ಮೊದಲ ಕೊಂಡಿ ಸಿಕ್ಕಿದ್ದು ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ.

ಫೆರ್ನಾಂವ್ ನೂನೀಸ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ 1535ರ ಹೊತ್ತಿಗೆ ವಿಜಯನಗರದಲ್ಲಿದ್ದು ಅಲ್ಲಿನ ಅರಸರ ವೃತ್ತಾಂತ ಬರೆದಿದ್ದ. ಆ ಹಸ್ತಪ್ರತಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಬಿದ್ದಿತ್ತು. ಡೇವಿಡ್ ಲೋಪೆಸ್ 1897ರಲ್ಲಿ ಅದನ್ನು ಲಿಸ್ಬನ್‌ನಲ್ಲಿ ಅಚ್ಚು ಹಾಕಿಸಿದ. ಮದ್ರಾಸ್ ಸರಕಾರದ ಅಧಿಕಾರಿ ರಾಬರ್ಟ್ ಸೀವೆಲ್ ಅದರ ಇಂಗ್ಲಿಷ್ ಅನುವಾದವನ್ನು 1900ರಲ್ಲಿ ವಿಜಯನಗರದ ಮೇಲಿನ ತನ್ನ ಪುಸ್ತಕದೊಳಗೆ ಸೇರಿಸಿದ. 1520ರ ರಾಯಚೂರು ಮುತ್ತಿಗೆಯ ಇಷ್ಟು ಸವಿವರ ಚಿತ್ರ ಓದುಗರ ಕೈಗೆ ಬಂದದ್ದು ಆಗಲೇ.

ರಾಯಚೂರಿನ ಒಳಗೋಡೆ 1294ರದು. ಅದರಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ, ಅದರ ಮೇಲೆ ಕಾಕತೀಯರ ಕಾಲದ ತೆಲುಗು ಶಾಸನ. ಪಕ್ಕದಲ್ಲಿಯೇ ಆ ಕಲ್ಲನ್ನು ಬಂಡಿಯ ಮೇಲೆ ಕೋಣಗಳು ಎಳೆದು ತಂದದ್ದನ್ನು ಗೆರೆಯಲ್ಲಿ ಕೊರೆದಿದ್ದಾರೆ. ಕಟ್ಟುವವರೇ ಕಟ್ಟಿದ ಬಗೆಯನ್ನು ಬರೆದಿಟ್ಟ ಇಂಥ ಚಿತ್ರ ಬೇರೆಡೆ ಅಪರೂಪ. ವೇಲ್ಸಿನ ಕೋಟೆಗಳಲ್ಲಿ ಇಂಥದೊಂದಿದ್ದರೆ ಟೇಲರ್ ತೂತು ಎಣಿಸಬೇಕಾಗಿರಲಿಲ್ಲ. ಕೃಷ್ಣದೇವರಾಯ ಮುತ್ತಿಗೆ ಹಾಕಿದಾಗ ಕೋಟೆ ವಿಜಯಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಒಳಗೆ 200 ದೊಡ್ಡ ತೋಪುಗಳಿದ್ದವೆಂದು ನೂನೀಸ್ ಹೇಳುತ್ತಾನೆ. ಆದರೂ ರಾಯನ ಕಾಲಾಳುಗಳು ಗುದ್ದಲಿ, ಹಾರೆ ಹಿಡಿದು ಗೋಡೆಯ ಬುಡಕ್ಕೇ ಬಂದು ಕಲ್ಲು ಕೀಳತೊಡಗಿದರು. ಕಿತ್ತು ತಂದ ಕಲ್ಲಿಗೆ ಸೇನಾನಿಗಳು ದುಡ್ಡು ಕೊಡುತ್ತಿದ್ದರು, ಗಾತ್ರ ನೋಡಿ 10 ಹಣದಿಂದ 50 ಹಣದವರೆಗೆ. ಜೀವ ಹೋದೀತೆಂಬ ಭಯಕ್ಕೆ ಕೂಲಿಯ ಆಸೆ ಮದ್ದು.

200 ತೋಪಿದ್ದ ಕೋಟೆಯ ಬುಡದಲ್ಲಿ ಹಾರೆ ಹಿಡಿದು ನಿಲ್ಲಲು ಹೇಗೆ ಸಾಧ್ಯವಾಯಿತು? ತೋಪು ಎತ್ತರದಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿತ್ತು. ದೂರದಲ್ಲಿ ಬರುವ ದಂಡನ್ನು ಹೆದರಿಸಬಲ್ಲದು. ಮೂತಿ ಕೆಳಗೆ ಬಾಗಿಸಿ ಬುಡದಲ್ಲಿದ್ದವನನ್ನು ಹೊಡೆಯಲಾರದು. ಬುಡದವನನ್ನು ತಡೆಯಲು ಗೋಡೆಯ ಮೇಲಿನವರು ಬಗ್ಗಿ ಕಲ್ಲು, ಬಾಣ ಎಸೆಯಬೇಕು. ಬಗ್ಗಿದವನ ಎದೆ ಬಯಲಾಗುತ್ತದೆ. ಇಷ್ಟು ಹೊತ್ತಿಗೆ ಕುದುರೆ ತಂದಿದ್ದ ಕ್ರಿಸ್ತೋವಾಂವ್ ದ ಫಿಗೈರೇದೊ ಎಂಬ ಇನ್ನೊಬ್ಬ ಪೋರ್ಚುಗೀಸ್ ಇಪ್ಪತ್ತರಷ್ಟು ಬಂದೂಕುಗಾರರ ಜತೆ ರಾಯನ ಪಾಳೆಯಕ್ಕೆ ಬಂದ. ಅವರು ಬಗ್ಗಿದವರನ್ನೆಲ್ಲ ಹೊಡೆದು ಬೀಳಿಸಿದರು. ಕೆಳಗಿನವರು ನಿಶ್ಚಿಂತೆಯಿಂದ ಕಲ್ಲು ಕಿತ್ತರು. ಏನಾಗುತ್ತಿದೆಯೆಂದು ಗೋಡೆಯ ನೆತ್ತಿಯ ತೆನೆಗಳ ನಡುವೆ ಇಣುಕಿದ ಕಿಲ್ಲೇದಾರನ ಹಣೆಗೇ ಗುಂಡು ಬಿತ್ತು. ಕೋಟೆ ಶರಣಾಯಿತು. ನೂನೀಸ್ ತನ್ನವರ ಬಂದೂಕಿಗೆ ಕೊಂಚ ಹೆಚ್ಚೇ ಕೀರ್ತಿ ಕೊಟ್ಟಿರಬಹುದು. ಫಿಗೈರೇದೊನೂ ಅವನಂತೆ ಕುದುರೆ ಮಾರುವವನು.

ಸೀವೆಲ್‌ನ ಪುಸ್ತಕ ಬಂದ ಮೇಲೆ ನೂರು ವರ್ಷ ಇತಿಹಾಸಕಾರರು ನೂನೀಸನನ್ನು ಓದಿದರು. ಆದರೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಗೋಡೆ ಏರಿ ಕಿಂಡಿಗಳನ್ನು ಒಂದೊಂದಾಗಿ ನೋಡಿದವರು ಅಮೆರಿಕದ ಇಬ್ಬರು: ಇತಿಹಾಸಕಾರ ರಿಚರ್ಡ್ ಈಟನ್ ಮತ್ತು ಕಲಾ ಇತಿಹಾಸಕಾರ ಫಿಲಿಪ್ ವ್ಯಾಗನರ್. ಈಟನ್ 2009ರಲ್ಲಿ ರಾಯಚೂರು ಕದನದ ಮೇಲೆ ಬರೆದ. ಇಬ್ಬರೂ ಸೇರಿ ದಖ್ಖನ್ನಿನ ಕೋಟೆ-ಊರುಗಳನ್ನು ಸುತ್ತಿ 2014ರಲ್ಲಿ ಪುಸ್ತಕ ತಂದರು. ಅವರ ಉಪಾಯ ಸರಳ. ಆದಿಲ್‌ಶಾಹಿಗಳಿಗೆ ಬುರುಜು ಕಟ್ಟಿದಾಗ ಫಾರ್ಸಿ ಶಾಸನ ಹಾಕುವ ಅಭ್ಯಾಸವಿತ್ತು. ಶಾಸನವಿರುವ ಬುರುಜಿಗೆ ಇಸವಿ ಗೊತ್ತು. ಆ ಬುರುಜಿನ ಕಿಂಡಿ ಹೇಗಿದೆ, ತೋಪು ಕೂರುವ ಕಟ್ಟೆ ಹೇಗಿದೆ ಎಂದು ಗುರುತು ಹಾಕಿಕೊಂಡರೆ, ಶಾಸನವಿಲ್ಲದ ಬುರುಜಿನ ವಯಸ್ಸನ್ನೂ ಅಂದಾಜು ಮಾಡಬಹುದು.

ಹೀಗೆ ನೋಡುತ್ತ ಹೋದಾಗ ಒಂದು ಕ್ರಮ ಕಂಡಿತು. ಮದ್ದು ಮೊದಲು ಗೋಡೆಯನ್ನು ಹೊಕ್ಕದ್ದು ಕೆಳಗಿನಿಂದ: 1472ರಲ್ಲಿ ಬೆಳಗಾವಿ ಕೋಟೆಯನ್ನು ಮುತ್ತಿದ ಬಹಮನಿ ವಜೀರ ಮಹಮೂದ್ ಗಾವಾನ್ ಸುರಂಗದಲ್ಲಿ ಮದ್ದು ತುಂಬಿ ಗೋಡೆ ಹಾರಿಸಿದನೆಂದು ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಆಮೇಲೆ ತೆನೆಗಳಲ್ಲಿ ಬಂದೂಕು, ಸಣ್ಣ ತೋಪುಗಳ ಕಿಂಡಿ ಬಂದವು. ರಾಯಚೂರಿನ ಸೋಲಾದ ಕೆಲವು ದಶಕಗಳಲ್ಲಿ, 16ನೆಯ ಶತಮಾನದ ನಡುವಿಗೆ, ಆದಿಲ್‌ಶಾಹಿ ಕೋಟೆಗಳಲ್ಲಿ ಪೂರ್ತಿ ಹೊಸದೊಂದು ಕಾಣಿಸಿತು. ಕೋಟೆಯ ಎತ್ತರದ ಜಾಗದಲ್ಲಿ, ಗೋಡೆಗೂ ಮೇಲೆದ್ದ ಭಾರಿ ದುಂಡು ಬುರುಜು. ಅದರ ನೆತ್ತಿಯ ಕಟ್ಟೆಯ ನಟ್ಟನಡುವೆ ಒಂದು ಕುಳಿ. ಆ ಕುಳಿಯಲ್ಲಿ ಕಬ್ಬಿಣದ ಗೂಟ, ಗೂಟದ ಮೇಲೆ ಕವಲು, ಕವಲಿನಲ್ಲಿ ಉದ್ದನೆಯ ತೋಪು. ಬೀಸುಕಲ್ಲು ಗೂಟದ ಸುತ್ತ ತಿರುಗಿದಂತೆ ತೋಪು ಸುತ್ತ ಎಲ್ಲ ದಿಕ್ಕಿಗೂ ತಿರುಗುತ್ತದೆ, ಮೂತಿ ಮೇಲೂ ಕೆಳಗೂ ಆಡುತ್ತದೆ. ಪೋರ್ಚುಗೀಸ್ ಹಡಗುಗಳ ಅಂಚಿಗೆ ಸಿಕ್ಕಿಸುತ್ತಿದ್ದ ಸಣ್ಣ ತಿರುಗುತೋಪುಗಳಿಂದ ಈ ಯುಕ್ತಿ ಬಂತೆಂಬುದು ಈಟನ್ ವಾದ. ಅದನ್ನು ನೆಲದ ಮೇಲಿನ ದೈತ್ಯ ತೋಪಿಗೆ ಒಗ್ಗಿಸಿದ್ದು ಇಲ್ಲಿಯ ಕಮ್ಮಾರರು, ಕಲ್ಲುಕುಟಿಗರು.

ವಿಜಯಪುರದ ಉಪಲಿ ಬುರುಜು ಏರಿದವರು ಇದನ್ನು ಕಂಡಿರುತ್ತಾರೆ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು, ಎತ್ತರ ಸುಮಾರು 80 ಅಡಿ, ಮೆಟ್ಟಿಲು ಹೊರಮೈಗೆ ಸುತ್ತಿಕೊಂಡಿದೆ. ಮೇಲಿನ ಉದ್ದ ತೋಪು 30 ಅಡಿಯ ಸುಮಾರಿಗಿದೆ. ಜನ ತೋಪಿನ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ನೋಡಬೇಕಾದದ್ದು ಕಟ್ಟೆಯ ನಡುವಿನ ಗೂಟ ಮತ್ತು ಹಿಂದಿನ ಬಾಗುಗೋಡೆ. ಗುಂಡು ಹಾರಿದಾಗ ತೋಪು ಹಿಂದಕ್ಕೆ ಒದೆಯುವ ಏಟನ್ನು ಆ ಗೋಡೆ ತಡೆಯಬೇಕಿತ್ತು.

ಹಾಗಾಗಿ ನಕ್ಷತ್ರ ಬೇಕಾಗಲಿಲ್ಲ. ಇಟಲಿಯವರು ತೋಪಿಗೆ ಹೆದರಿ ಗೋಡೆಯನ್ನು ನೆಲಕ್ಕೆ ಕೂರಿಸಿ, ನೆಲದುದ್ದಕ್ಕೂ ಗುಂಡು ಹಾಯಿಸಿದರು. ದಖ್ಖನ್ನಿನವರು ತಮ್ಮ ತೋಪನ್ನು ಶತ್ರುವಿನ ತೋಪಿಗಿಂತ ಎತ್ತರಕ್ಕೆ, ಉದ್ದಕ್ಕೆ ಒಯ್ದು, ಅವನು ಹತ್ತಿರವೇ ಬರದಂತೆ ನೋಡಿಕೊಂಡರು. ಕಪ್ಪು ಎರೆಯ ಬಯಲಿನಲ್ಲಿ ಒಂದೊಂದು ಬಂಡೆಗುಡ್ಡ ಎದ್ದು ನಿಂತ ನಾಡಿಗೆ ಈ ಉತ್ತರವೇ ಸಲ್ಲುತ್ತದೆ.

ಈಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಸೋತ ವಿಜಯಪುರ ಕಲಿಯಿತು, ಗೆದ್ದ ವಿಜಯನಗರ ಕಲಿಯಲಿಲ್ಲ, ಹಂಪಿಯ ಗೋಡೆಗಳಲ್ಲಿ ತೋಪಿಗಾಗಿ ಮಾಡಿದ ಮಾರ್ಪಾಟು ಕಾಣುವುದಿಲ್ಲ, 1565ರ ಸೋಲಿಗೆ ಇದೂ ಒಂದು ಕಾರಣ. ಮಾತು ಚೆಂದವಾಗಿದೆ, ಆದರೆ ನನಗೆ ಅರ್ಧ ಮಾತ್ರ ಒಪ್ಪಿಗೆ. 1565ರಲ್ಲಿ ನಡೆದದ್ದು ಬಯಲಿನ ಕಾಳಗ, ಮುತ್ತಿಗೆಯಲ್ಲ. ಹಂಪಿಯ ಕಿಂಡಿಗಳು ಆ ದಿನದ ಸೋಲು-ಗೆಲುವಿಗೆ ಸಾಕ್ಷಿ ಹೇಳಲಾರವು.

ಇನ್ನು ಗದಗ ಸೀಮೆಗೆ ಬರೋಣ. ಈ ಊರುಗಳೂ ಆದಿಲ್‌ಶಾಹಿಯ ಕೆಳಗೆ ಇದ್ದವು. ಲಕ್ಷ್ಮೇಶ್ವರದ ಮಸೀದಿಯನ್ನು 1617ರಲ್ಲಿ ಕಟ್ಟಿಸಿದ ಅಂಕುಶ್ ಖಾನ್ ವಿಜಯಪುರದ ಸರದಾರ. ಅದೇ ಊರಿನ ಸೋಮೇಶ್ವರ ಗುಡಿಗೆ ಎತ್ತರದ ಪ್ರಾಕಾರ, ಮೂರು ದಿಕ್ಕಿಗೆ ಬಾಗಿಲು ಇವೆ, ಹೊಸಬರು ಕೋಟೆಯೆಂದೇ ತಿಳಿಯುತ್ತಾರೆ. ನಿಜವಾದ ಕೋಟೆಯಿದ್ದದ್ದು ಮುಂಡರಗಿ ತಾಲೂಕಿನ ಡಂಬಳದಲ್ಲಿ. ಈಗ ಅಲ್ಲಿ ಉಳಿದಿರುವುದು ಸ್ವಲ್ಪ. ಅದರ ಒಳ್ಳೆಯ ದಾಖಲೆ ಇರುವುದು ಅದನ್ನು ಹಿಡಿದವನ ಪತ್ರಗಳಲ್ಲಿ.

ಟಿಪ್ಪುವಿನ ಶ್ರೀರಂಗಪಟ್ಟಣ ಬಿದ್ದ ಮೇಲೆ ಸೆರೆಯಿಂದ ಹೊರಬಿದ್ದ ಚನ್ನಗಿರಿಯ ಧೋಂಡಿಯಾ ವಾಘ್ ಈ ಬಯಲಿನಲ್ಲಿ ದಂಡು ಕಟ್ಟಿಕೊಂಡು ತಿರುಗುತ್ತಿದ್ದ. ಅವನ ಬೆನ್ನು ಹತ್ತಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್. ಸವಣೂರು, ಕುಂದಗೋಳ, ಶಿರಹಟ್ಟಿಗಳ ಸುತ್ತ ಮಳೆಗಾಲದ ಕೆಸರಿನಲ್ಲಿ ಓಡಾಡಿ 1800ರ ಜುಲೈ 26ರಂದು ಆತ ಡಂಬಳಕ್ಕೆ ಬಂದ. ಒಳಗೆ ಧೋಂಡಿಯಾನ ಸುಮಾರು 1000 ಜನ. ಗೋಡೆ ಗಟ್ಟಿ. ಗೋಡೆಗೆ ತೋಪು ಹಚ್ಚಿ ದಿನಗಟ್ಟಲೆ ಕಾಯುತ್ತ ಕೂತರೆ ಧೋಂಡಿಯಾ ಮಲಪ್ರಭೆ ದಾಟಿ ಹೋಗುತ್ತಾನೆ. ಒಂದು ತುಕಡಿ ಬಾಗಿಲಿಗೆ ನುಗ್ಗಿತು, ಎರಡು ತುಕಡಿ ಎರಡು ಕಡೆಯ ಗೋಡೆಗೆ ಏಣಿ ಹಾಕಿದವು. ಬಾಗಿಲು ಮುರಿಯಲಿಲ್ಲ. ಬಾಗಿಲಿಗೆ ಹೋದವರೂ ಕೊನೆಗೆ ಏಣಿ ಹತ್ತಿಯೇ ಒಳಗಿಳಿದರು. ಒಂದೇ ದಿನದಲ್ಲಿ ಕೋಟೆ ಕೈಸೇರಿತು. ಮರುದಿನಗಳಲ್ಲಿ ಗದಗಿನ ಕೋಟೆ ಬರಿದಾಗಿ ಸಿಕ್ಕಿತು. ಸೆಪ್ಟೆಂಬರ್ 10ರಂದು ಕೋಣಗಲ್‌ನಲ್ಲಿ ಧೋಂಡಿಯಾ ಹತನಾದ.

ವೆಲ್ಲೆಸ್ಲಿಯ ಈ ಪತ್ರಗಳನ್ನು ಕರ್ನಲ್ ಗರ್ವುಡ್ 1830ರ ದಶಕದಲ್ಲಿ ಸಂಪುಟಗಳಾಗಿ ಅಚ್ಚು ಹಾಕಿಸಿದ. ಡಂಬಳದ ಹೆಸರನ್ನು ‘ಡಮ್ಮುಲ್’ ಎಂದು ಬರೆದಿದೆಯಾದ್ದರಿಂದ ಹುಡುಕುವವರ ಕಣ್ಣಿಗೆ ಬೇಗ ಬೀಳುವುದಿಲ್ಲ. ಏಣಿಯ ಯುದ್ಧ ಕಿಂಡಿಗಳ ಲೆಕ್ಕವನ್ನು ಬೇರೆ ಮಾಡಿಬಿಡುತ್ತದೆ. ಕಿಂಡಿ ಎಷ್ಟೇ ಚೆನ್ನಾಗಿರಲಿ, ಅದರ ಹಿಂದೆ ಸಾಕಷ್ಟು ಜನವಿಲ್ಲದಿದ್ದರೆ ಮೂರು ಕಡೆ ಒಮ್ಮೆಲೆ ಬಿದ್ದ ಏಣಿಗಳಿಗೆ ಉತ್ತರವಿಲ್ಲ.

ಡಂಬಳದಲ್ಲಿ ನಕ್ಷತ್ರವೂ ಇದೆ, ಆದರೆ ಅದು ಗುಡಿ. 12ನೆಯ ಶತಮಾನದ ದೊಡ್ಡಬಸಪ್ಪ ಗುಡಿಯ ಗರ್ಭಗುಡಿ 24 ಮೊನೆಗಳದು. ಚೌಕವೊಂದನ್ನು ನಡುಬಿಂದುವಿನ ಮೇಲೆ 15 ಡಿಗ್ರಿಯಂತೆ ತಿರುಗಿಸುತ್ತ ಹೋದರೆ ಆರು ಚೌಕಗಳಿಗೆ 24 ಮೂಲೆ ಮೂಡುತ್ತವೆ. ಇಟಲಿಯ ಎಂಜಿನಿಯರುಗಳು ಮೊನೆ ಕಟ್ಟುವುದಕ್ಕೆ ಮುನ್ನೂರು ವರ್ಷಕ್ಕೂ ಹೆಚ್ಚು ಮೊದಲಿನ ಗಣಿತ ಇದು. ಯಾರಿಂದ ಯಾರೂ ಕಲಿತದ್ದಲ್ಲ. ಅಲ್ಲಿ ಗುಂಡಿನ ದಾರಿ, ಇಲ್ಲಿ ಬೆಳಕು-ನೆರಳಿನ ದಾರಿ. ಆದರೂ ಎರಡನ್ನೂ ಬಲ್ಲವನೊಬ್ಬನಿದ್ದ. ಧಾರವಾಡ ಸೀಮೆಯ ಗುಡಿಗಳ ಫೋಟೊಗಳನ್ನು ಲಂಡನ್ನಿನಲ್ಲಿ ಕೂತು ನೋಡಿ 1866ರ ಸಂಪುಟಕ್ಕೆ ಟಿಪ್ಪಣಿ ಬರೆದ, ಚಾಲುಕ್ಯ ಶೈಲಿ ಎಂಬ ಹೆಸರನ್ನು ರೂಢಿಗೆ ತಂದ ಜೇಮ್ಸ್ ಫರ್ಗುಸನ್, ಅದಕ್ಕೆ 17 ವರ್ಷ ಮೊದಲು ಕೋಟೆಕಟ್ಟುವಿಕೆಯ ಹೊಸ ಪದ್ಧತಿಯೊಂದನ್ನು ಸೂಚಿಸಿ ಪುಸ್ತಕ ಬರೆದಿದ್ದ. ಕಲ್ಲುಗೋಡೆ ಬಿಡಿ, ಮಣ್ಣಿನ ದಿಬ್ಬ ನಂಬಿ ಎಂಬುದು ಅವನ ವಾದ. ಊರಿಗೊಂದು ಮಣ್ಣಿನ ಹುಡೇವು ಕಟ್ಟಿಕೊಂಡ ನಮ್ಮ ಗೌಡ-ಕುಲಕರ್ಣಿಗಳಿಗೆ ಆ ಪುಸ್ತಕದ ಅಗತ್ಯವಿರಲಿಲ್ಲ.

ಮುಂಡರಗಿಗೆ ಹತ್ತಿರದ ಕೊಪ್ಪಳದಲ್ಲಿ ಯುರೋಪಿನ ಕೈ ನೇರವಾಗಿಯೇ ಆಡಿದೆ. ಟಿಪ್ಪು 1786ರ ಸುಮಾರಿಗೆ ಫ್ರೆಂಚ್ ಎಂಜಿನಿಯರುಗಳಿಂದ ಕೆಳಗಿನ ಕೋಟೆಯನ್ನು ಗಟ್ಟಿ ಮಾಡಿಸಿದ. 1790ರಲ್ಲಿ ನಿಜಾಮ ಮತ್ತು ಕಂಪನಿಯ ಸೈನ್ಯ ಮುತ್ತಿದಾಗ ಅದು ಆರು ತಿಂಗಳು ತಡೆದು ನಿಂತಿತು. ಅದೇ ಕೋಟೆಯನ್ನು 1858ರಲ್ಲಿ ಕಂಪನಿಯ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾವ್ ಹಿಡಿದ. ಮೇ 24ರಂದು ಡಂಬಳದ ಖಜಾನೆ ದೋಚಿ ಕೊಪ್ಪಳ ಸೇರಿದವನು ಜೂನ್ 1ರಂದು ಮೇಜರ್ ಹ್ಯೂಸ್‌ನ ದಾಳಿಯಲ್ಲಿ ಮಡಿದ; ಕೋಟೆ ಅಂದೇ ಬಿತ್ತು. ಗೋಡೆ ಅದೇ, ಕಿಂಡಿ ಅವೇ. ಕಿಂಡಿಗೊಬ್ಬನಂತೆ ನಿಲ್ಲಿಸಲು ಭೀಮರಾವನ ಬಳಿ ಜನವಿರಲಿಲ್ಲ.

ಅವನು ಬಂಡೇಳಲು ಒಂದು ದೊಡ್ಡ ಕಾರಣ 1857ರ ನಿಶ್ಶಸ್ತ್ರೀಕರಣ ಕಾಯಿದೆ. ಸರಕಾರ ಮನೆಮನೆಯ ಬಂದೂಕು, ಕತ್ತಿಗಳನ್ನು ತರಿಸಿಕೊಂಡಿತು. ಬಂದೂಕೇ ಇಲ್ಲದ ಮೇಲೆ ಬಂದೂಕಿಗಾಗಿ ಹೊಸ ಹುಡೇವು ಯಾರು ಕಟ್ಟುತ್ತಾರೆ? ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ ಇದ್ದುದರಿಂದ ಅಲ್ಲಿ ಕೊಂಚ ಹಿಂದೆ-ಮುಂದೆ ಆಗಿರಬಹುದು. ಉಳಿದ ಕಡೆ, ಓರೆಯಾಗಿ ಕೆಳಮುಖ ಕೊರೆದ ಬಂದೂಕಿನ ಕಿಂಡಿಯಿರುವ ಹುಡೇವು ಕಂಡರೆ ಅದು 1857ಕ್ಕಿಂತ ಹಿಂದಿನದೆಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಎಷ್ಟು ಹಿಂದಿನದು ಎಂಬುದಕ್ಕೆ ಮಾತ್ರ ಕಿಂಡಿಯ ಓರೆಯನ್ನು, ಒಳಬಾಯಿ-ಹೊರಬಾಯಿಯ ಅಗಲವನ್ನು ಅಳೆದು, ಇಸವಿ ಗೊತ್ತಿರುವ ಬುರುಜುಗಳ ಜತೆ ಹೋಲಿಸಬೇಕು. ನೆತ್ತಿಯ ಕಟ್ಟೆಯ ಮಣ್ಣು ಸರಿಸಿ ನಡುವೆ ಕುಳಿಯಿದೆಯೇ ಎಂದೂ ನೋಡಬೇಕು.